ಫ್ಲೋರ್ ಮೆತ್ತಗಾದ್ರೆ ಮೇಲೆ ನೋಡಿ

"ಮ್ಯಾಲೊಂದು ಚೆಕ್ಕರ್ ಶೀಟ್ ಬಡದು ಕಳಸ್ರಿ" ಅಂದರು ನಮ್ಮ ಶೆಡ್ಡಿನ ಸಾಹುಕಾರ್ರು. ಚೆಕ್ಕರ್ ಶೀಟ್ ಅಂದ್ರೆ ಉಬ್ಬು ಗೀರಿನ ಲೋಹದ ಹಾಳೆ. ಗಾಡಿಗಳ ಬಾಡಿ ಕಟ್ಟೋ ಈ ಶೆಡ್ ಇರೋದು ಕಲಬುರಗಿಯ ಕಪನೂರಿನಲ್ಲಿ. ಬರೋದು ಜಾಸ್ತಿ ಬಸ್ಸು, ಟಿಪ್ಪರ್. ಟ್ರಾವೆಲರ್ ವ್ಯಾನ್ ಮೇಲೆ ಕಟ್ಟಿದ ಕ್ಯಾರವಾನ್, ಅಂದ್ರೆ ಓಡಾಡೋ ಮನೆಯಂಥ ಗಾಡಿ, ಅಪರೂಪ. ಈ ಗಾಡಿಯಲ್ಲಿ ಸಿಂಕ್ ಮುಂದಿನ ಫ್ಲೋರ್ ಕಾಲಿಟ್ಟರೆ ಕುಸಿದು ಮತ್ತೆ ಮೇಲೆ ಬರುತ್ತಿತ್ತು. ಅದೂ ಎರಡನೇ ಸಲ. ಮೊದಲ ಸಲ ಸಿಂಕ್ ಪೈಪೇ ಸೋರ್ತಿದೆ ಅಂತ ನಾನೇ ತೀರ್ಮಾನ ಮಾಡಿ, ಜಾಯಿಂಟ್ ಬದಲಿಸಿ, ಕೊಳೆತಷ್ಟು ಪ್ಲೈ ಕತ್ತರಿಸಿ ಹೊಸದು ಕೂರಿಸಿ ಕಳಿಸಿದ್ದೆ. ಪೈಪ್ ಪಕ್ಕದಲ್ಲೇ ಇತ್ತಲ್ಲ, ಬೇರೆ ಕಡೆ ನೋಡಲೇ ಇಲ್ಲ. ಮಳೆಗಾಲ ಬಂತು, ಗಾಡಿಯೂ ವಾಪಸ್ ಬಂತು.

ಗಾಡಿ ಮಾಲೀಕರು ಮರುದಿನವೇ ಮನೆಮಂದಿ ಕರ್ಕೊಂಡು ಶ್ರೀಶೈಲಕ್ಕೆ ಹೊರಡೋರಿದ್ದರು. ನಮ್ಮ ಹಿರಿಯ ಮೇಸ್ತ್ರಿ ಉಸ್ತಾದ್ ಮೇಲಿನ ವಿನೈಲ್ ಹಾಸು ಸುಲಿದು ಆರಿ (ದಬ್ಬಳ) ಚುಚ್ಚಿದರೆ ಹಿಡಿವರೆಗೂ ಇಳಿಯಿತು. ಪ್ಲೈ ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗಾಗಿತ್ತು. ಸ್ಕ್ರೂಗಳು ಬೆರಳಲ್ಲೇ ಎದ್ದು ಬಂದವು. "ಶೀಟ್ ಹೊಡದ್ರ ಹಸಿ ಒಳಗೇ ಕೂಡ್ತದ್ರೀ, ಮೊದಲ ನೀರ್ ಹೊಡೀರಿ" ಅಂದರು.

ಎಲ್ಲಿ ಸೋರ್ತದೆ ಅಂತ ನೋಡೋಕೆ ಹೊಡೆದೆವು. ಕೆಳಗಿಂದ ಮೇಲಕ್ಕೆ, ಒಂದೊಂದೇ ಜಾಗ. ಮೇಲಿಂದ ಶುರು ಮಾಡಿದ್ರೆ ಎಲ್ಲಾ ಕಡೆ ನೀರಿಳಿದು ಏನೂ ಗೊತ್ತಾಗಲ್ಲ. ವೀಲ್ ಆರ್ಚ್, ಏನಿಲ್ಲ. ಕಿಟಕಿ ರಬ್ಬರ್, ಏನಿಲ್ಲ. ಬಾಗಿಲಲ್ಲಿ ನಿಂತ ಮಾಲೀಕರು ನನ್ನನ್ನೇ ನೋಡ್ತಿದ್ದರು, ನಾನು ತಲೆ ಎತ್ತದೆ ಸಿಂಕ್ ಕೆಳಗೆ ಟಾರ್ಚ್ ಹಿಡ್ಕೊಂಡು ಕೂತಿದ್ದೆ. ರೂಫ್ ಹ್ಯಾಚ್‌ಗೆ (ಛಾವಣಿಯ ಕಿಂಡಿಗೆ) ಪೈಪ್ ಹಿಡಿದು ಎಷ್ಟೋ ಹೊತ್ತಾದ ಮೇಲೆ ಪ್ಯಾನೆಲ್ ಬುಡದಲ್ಲಿ ಒಂದು ಹನಿ, ಆಮೇಲೆ ಇನ್ನೊಂದು. ಹ್ಯಾಚ್ ಇದ್ದಿದ್ದು ಹಿಂದೆ, ನೀರು ಫ್ರೇಮಿನ ಗುಂಟ ಹರಿದು ಇಲ್ಲಿ ಇಳೀತಿತ್ತು. ನಮ್ಮ ಬಿಸಿಲಿಗೆ ಸೀಲಂಟ್ ಬಿರಿದಿದೆ, ಅದರ ಮೇಲೆ ಯಾರೋ ಸಿಲಿಕೋನ್ ಬಳಿದಿದ್ದಾರೆ. ಹಳೇ ಸಿಲಿಕೋನ್ ಮೇಲೆ ಹೊಸದು ಸರಿಯಾಗಿ ಹಿಡಿಯಲ್ಲ. ಪೂರ್ತಿ ಕೆರೆದು, ಬ್ಯುಟೈಲ್ ಟೇಪ್ (ಅಂಟು ರಬ್ಬರ್ ಪಟ್ಟಿ) ಹಾಕಿ ಹ್ಯಾಚ್ ಕೂರಿಸಬೇಕು.

ಸ್ಟೋರಿನಲ್ಲಿ ಇದ್ದಿದ್ದು ಐಎಸ್ 303 ಅನ್ನೋ ಭಾರತೀಯ ಮಾನಕದ ಎಂಆರ್ (ತೇವ ತಡೆಯೋ) ಪ್ಲೈ, ಮೊದಲ ಸಲ ಹಾಕಿದ್ದೂ ಅದೇ. ಅದು ಮನೆ ಕಪಾಟಿಗೆ ಸರಿ. ಇಂಥ ಫ್ಲೋರಿಗೆ ಐಎಸ್ 710 ಬೇಕು, 72 ಗಂಟೆ ಕುದಿಸಿದರೂ ಪದರ ಬಿಡಬಾರದು ಅನ್ನೋ ಗ್ರೇಡು. ರೇಟ್ ಕೇಳಿ ಸಾಹುಕಾರ್ರು ಮೂಗು ಮುರಿದರು. ಶ್ರೀಶೈಲಕ್ಕೆ ಮಾಲೀಕರು ಬೇರೆ ಗಾಡಿ ಮಾಡ್ಕೊಂಡು ಹೋದರು, ಆ ಬಾಡಿಗೆ ನಮ್ಮ ಬಿಲ್ಲಲ್ಲೇ ಕಡಿತ.

ತೇವ ಅಳೆಯೋ ಮೀಟರ್ ತರಿಸಿ ಅಂತ ಸಾಹುಕಾರ್ರನ್ನ ಕೇಳಿದ್ದೆ. "ಉಸ್ತಾದ್ನ ಆರಿ ಅದ ಅಲ್ಲ" ಅಂದರು. ಆರಿ ಇಳಿಯೋ ಹೊತ್ತಿಗೆ ಫ್ಲೋರ್ ಹೋಗಿರುತ್ತೆ, ಅದನ್ನ ಅವರಿಗೆ ಹೇಳೋರು ಯಾರು?