ಇಪ್ಪತ್ನಾಲ್ಕನೇ ತಾರೀಕಿನ ಹಾಳೆ

ಎರಡನೇ ಸಲ ವಿಯೆಟ್ನಾಮಿನ ಸೈಗಾನ್‌ಗೆ ಹೋದಾಗ ಮೊದಲ ದಿನವೇ ನನ್ನ ಕೈಗೆ ಸಿಕ್ಕಿದ್ದು ಒಂದು ಬಕೆಟ್ ಒದ್ದೆ ಬಟ್ಟೆ. ನಾನು ಅಷ್ಟು ದೂರದಿಂದ ಬಂದದ್ದು ಮಕ್ಕಳಿಗೆ ಊಟ ಮಾಡಿಸಲು. ಬೆಂಗಳೂರಿನಿಂದ ಮೆತ್ತನೆಯ ತುದಿಯ ಆರು ಚಮಚ ಬೇರೆ ತಂದಿದ್ದೆ. ಅವು ಚೀಲದಲ್ಲೇ ಉಳಿದವು. ನಾಲ್ಕು ದಿನ ಬಟ್ಟೆ ಹಿಂಡಿದೆ, ಒಣಹಾಕಿದೆ, ಮಳೆ ಬಂದಾಗ ಓಡಿಹೋಗಿ ತೆಗೆದೆ. ಜುಲೈ ತಿಂಗಳು. ಅಲ್ಲಿ ಮಧ್ಯಾಹ್ನ ಮೂರಕ್ಕೆ ಯಾರೋ ಟ್ಯಾಂಕ್ ಮಗುಚಿದ ಹಾಗೆ ಮಳೆ ಸುರಿಯುತ್ತದೆ.

ಊರಿನ ಈಗಿನ ಹೆಸರು ಹೋ ಚಿ ಮಿನ್ ಸಿಟಿ. ಅಲ್ಲಿನ ಜನ ಈಗಲೂ ಸೈಗಾನ್ ಅಂತಲೇ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಊರಿನ ಅಂಚಿನಲ್ಲಿ, ಕಾಲುವೆ ದಾಟಿದ ಮೇಲೆ ಒಂದು ಬೌದ್ಧ ದೇವಸ್ಥಾನ. ಅದರ ಹಿಂದಿನ ಎರಡಂತಸ್ತಿನ ಕಟ್ಟಡದಲ್ಲಿ ಸನ್ಯಾಸಿನಿಯರು ನಲವತ್ತು ಚಿಲ್ಲರೆ ಮಕ್ಕಳನ್ನು ಸಾಕುತ್ತಿದ್ದಾರೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ನಡೆಯಲು ಆಗುವುದಿಲ್ಲ. ದೇವಸ್ಥಾನದ ಹೆಸರಾಗಲಿ ಮಕ್ಕಳ ಹೆಸರಾಗಲಿ ಇಲ್ಲಿ ಬರೆಯುವುದಿಲ್ಲ. ಫೋಟೋನೂ ತೆಗೆದಿಲ್ಲ. ನನ್ನ ಪಾಲಿಗೆ ಬಂದಿದ್ದ ಹುಡುಗಿಯನ್ನು ಪುಟ್ಟಿ ಅಂತ ಇಟ್ಟುಕೊಳ್ಳೋಣ. ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿಗಾದ ಪೆಟ್ಟಿನಿಂದ ಮೈ ಹಿಡಿತಕ್ಕೆ ಸಿಗದ ತೊಂದರೆ ಇರುವ ಮಗು. ಮಾತಿಲ್ಲ, ಕುತ್ತಿಗೆ ಪೂರ್ತಿ ನಿಲ್ಲುವುದಿಲ್ಲ, ಎಡಗೈ ಮಾತ್ರ ಹೇಳಿದ ಮಾತು ಕೇಳುತ್ತದೆ. 2022ರಲ್ಲಿ, ನಾನು ಮೊದಲ ಸಲ ಹೋದಾಗ, ಅವಳಿಗೆ ಏಳು ವರ್ಷ.

ಆಗ ನಾನು ಬ್ಯಾಂಕಿನಿಂದ ವಿಆರ್‌ಎಸ್ ತೆಗೆದುಕೊಂಡ ಹೊಸತು. ಇ-ವೀಸಾ ಸಿಗುತ್ತಿದ್ದದ್ದು 30 ದಿನಕ್ಕೆ. ಮೂರು ವಾರ ಇದ್ದೆ. ದಿನಕ್ಕೆ ಎರಡು ಹೊತ್ತು ಪುಟ್ಟಿಗೆ ಗಂಜಿ ಉಣ್ಣಿಸುತ್ತಿದ್ದೆ. ಅಲ್ಲಿ ಅದಕ್ಕೆ ಚಾವ್ ಅನ್ನುತ್ತಾರೆ. ನಮ್ಮ ಗಂಜಿಯೇ, ಸ್ವಲ್ಪ ಗಟ್ಟಿ. ಅವಳ ತಲೆಯನ್ನು ನನ್ನ ತೋಳಿನ ಮೇಲೆ ಹಿಂದಕ್ಕೆ ಒರಗಿಸಿ, ಚಮಚ ಸುರಿದು, ಹತ್ತು ನಿಮಿಷಕ್ಕೆ ಬಟ್ಟಲು ಖಾಲಿ ಮಾಡುತ್ತಿದ್ದೆ. ಬೇರೆಯವರಿಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಒಳಗೊಳಗೇ ಹೆಮ್ಮೆ.

ಬೆಂಗಳೂರಿಗೆ ಬಂದ ಮೇಲೆ ಪರಿಚಯದ ಫಿಸಿಯೋಥೆರಪಿಸ್ಟ್ ಒಬ್ಬರಿಗೆ ಇದನ್ನು ಖುಷಿಯಿಂದ ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟರು. ಅಂಥ ಮಗುವಿನ ತಲೆ ಹಿಂದಕ್ಕೆ ಬಾಗಿದರೆ ಅನ್ನದ ದಾರಿಯ ಬದಲು ಉಸಿರಿನ ದಾರಿ ತೆರೆದುಕೊಳ್ಳುತ್ತದಂತೆ. ಗಂಜಿ ಪುಪ್ಪುಸಕ್ಕೆ ಇಳಿದರೆ ನ್ಯುಮೋನಿಯಾ. ಮಗುವನ್ನು ನೆಟ್ಟಗೆ ಕೂರಿಸಬೇಕು, ಗದ್ದ ಕೊಂಚ ಎದೆಯ ಕಡೆಗಿರಬೇಕು, ಚಮಚ ಎದುರಿನಿಂದ ಕೆಳಮಟ್ಟದಲ್ಲಿ ಬರಬೇಕು, ನಾಲಗೆಯ ಮೇಲೆ ಮೆಲ್ಲಗೆ ಒತ್ತಬೇಕು, ನುಂಗಿದ್ದು ಕಂಡ ಮೇಲೇ ಇನ್ನೊಂದು. ನೀರಿನಂಥದ್ದಕ್ಕಿಂತ ಗಟ್ಟಿಯಾದದ್ದು ವಾಸಿ. ಮುಕ್ಕಾಲು ಗಂಟೆ ಹಿಡಿಯಬೇಕಾದ ಕೆಲಸವೇ ಅದು. ನನ್ನ ಎದೆ ಧಸಕ್ಕೆಂದಿತು. ಆಮೇಲೆ ಒಂದು ವರ್ಷ ಶನಿವಾರ ಶನಿವಾರ ಅವರ ಹತ್ತಿರ ಹೋಗಿ ಕಲಿತೆ. 2023ರ ಆಗಸ್ಟ್‌ನಿಂದ ವಿಯೆಟ್ನಾಂ ಇ-ವೀಸಾ 90 ದಿನಕ್ಕೆ ಕೊಡತೊಡಗಿತು. 2024ರ ಜುಲೈ 20ಕ್ಕೆ ಹೊರಟೆ, ಐದು ವಾರಕ್ಕೆ. ಪ್ರಯಾಣದ ಬಗ್ಗೆ ಹೇಳುವಂಥದ್ದೇನಿಲ್ಲ. ಕ್ವಾಲಾಲಂಪುರದಲ್ಲಿ ವಿಮಾನ ಬದಲಿಸಿದೆ, ಕಾಲು ಊದಿತು.

ಹೇಳಲೇಬೇಕಾದದ್ದು ದುಡ್ಡಿನ ವಿಷಯ. ಅಲ್ಲಿ 5 ಲಕ್ಷ ಡಾಂಗ್ ನೋಟು ನೀಲಿ. 20 ಸಾವಿರದ ನೋಟೂ ನೀಲಿಯೇ. ಎರಡೂ ಪ್ಲಾಸ್ಟಿಕ್, ಎರಡರ ಮೇಲೂ ಹೋ ಚಿ ಮಿನ್ ಮುಖ. ಒಂದು 1,600 ರೂಪಾಯಿಗೂ ಮೇಲೆ, ಇನ್ನೊಂದು 70 ರೂಪಾಯಿಯ ಆಸುಪಾಸು. ಬಂದ ಎರಡನೇ ದಿನ ಕಬ್ಬಿನ ಹಾಲು ಕುಡಿದು ನೀಲಿ ನೋಟು ಕೊಟ್ಟೆ. ಗಾಡಿಯವಳು ನೋಟು ನೋಡಿದಳು, ನನ್ನ ಮುಖ ನೋಡಿದಳು, 5 ಸಾವಿರ ಚಿಲ್ಲರೆ ಕೊಟ್ಟಳು. ರಾತ್ರಿ ಲೆಕ್ಕ ಹಾಕಿದಾಗ ಗೊತ್ತಾಯಿತು. ಮೂವತ್ತು ವರ್ಷ ನೋಟು ಎಣಿಸಿದವಳು ನಾನು! ನೀವು ಹೋದರೆ 5 ಲಕ್ಷದ ನೋಟುಗಳನ್ನು ಬೇರೆ ಜೇಬಿನಲ್ಲಿಡಿ. ಸೊನ್ನೆ ಎಣಿಸಲು ನಾಚಿಕೊಳ್ಳಬೇಡಿ. ಆ ಕಬ್ಬಿನ ಹಾಲಿಗೆ ಶುಂಠಿಯನ್ನೂ ಹಾಕಿರಲಿಲ್ಲ.

ಊಟಕ್ಕೆ ನನಗೆ ಅಲ್ಲಿ ತೊಂದರೆಯೇ ಇಲ್ಲ. ದೇವಸ್ಥಾನದ ಅಡುಗೆ ಶುದ್ಧ ಸಸ್ಯಾಹಾರ. ಅನ್ನ, ಸೋಯಾ ಪನೀರು, ಅಣಬೆ, ಸೊಪ್ಪು. ಒಗ್ಗರಣೆ ಅನ್ನುವುದೊಂದು ಇಲ್ಲ ಅಷ್ಟೇ. ಚಟ್ನಿಪುಡಿ ಒಯ್ದಿದ್ದೆ, ಬಚಾವಾದೆ. ಅವರ ಕಾಫಿಯನ್ನು ಎಲ್ಲರೂ ಹೊಗಳುತ್ತಾರೆ. ನನಗೇನೋ ಒಪ್ಪಲಿಲ್ಲ. ತಗಡಿನ ಫಿಲ್ಟರಿನಲ್ಲಿ ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಇಳಿಯುವುದನ್ನು ನೋಡಿ ಆಸೆಯಾಯಿತು. ಆಮೇಲೆ ಅದಕ್ಕೆ ಡಬ್ಬಿಯ ಸಿಹಿ ಹಾಲು ಸುರಿದರು. ಪಾಯಸ ಕುಡಿದ ಹಾಗಾಯಿತು.

ಬಟ್ಟೆಯ ಬಕೆಟ್ ಕೊಟ್ಟವರು ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಚಿ ಬಾ. ಈ ಹೆಸರನ್ನು ಬಿಡಿಸಿ ಹೇಳಬೇಕು. ವಿಯೆಟ್ನಾಮಿನಲ್ಲಿ ಎದುರಿನವರ ವಯಸ್ಸು ಗೊತ್ತಾಗದೆ ಬಾಯಿ ತೆರೆಯುವುದು ಕಷ್ಟ. 'ನಾನು', 'ನೀನು' ಅನ್ನುವ ಕಡೆಯಲ್ಲೆಲ್ಲ ಅಕ್ಕ, ತಂಗಿ, ಅತ್ತೆ, ಮಗು ಅನ್ನಬೇಕು. ಅದಕ್ಕೇ ಮೊದಲು ಹುಟ್ಟಿದ ವರ್ಷ ಕೇಳುತ್ತಾರೆ. ನಾನು 1969, ಅವರ ಪ್ರಾಣಿಗಳ ಲೆಕ್ಕದಲ್ಲಿ ಹುಂಜದ ವರ್ಷ. ಅವರು 1962, ಹುಲಿ. ಹಾಗಾಗಿ ಅವರು ನನಗೆ ಚಿ, ಅಂದರೆ ಅಕ್ಕ. ನಾನು ಅವರಿಗೆ ಎಮ್, ತಂಗಿ. ಮಕ್ಕಳಿಗೆ ನಾನು ಕೋ, ಅತ್ತೆ ಅಂದ ಹಾಗೆ. ಬಾ ಅಂದರೆ ಮೂರು. ಆದರೆ ಅವರು ಮನೆಯ ಎರಡನೇ ಮಗಳು. ದಕ್ಷಿಣದ ಕಡೆ ಚೊಚ್ಚಲ ಮಗುವನ್ನೇ 'ಎರಡು' ಅಂತ ಕರೆಯುತ್ತಾರೆ, ಲೆಕ್ಕ ಅಲ್ಲಿಂದಲೇ ಶುರು. ಇಷ್ಟೆಲ್ಲ ತಿಳಿದ ಮೇಲೂ ಅವರನ್ನು ಕೂಗುವಾಗ ನನಗೆ ನಗು ಬರುತ್ತಿತ್ತು. ಛೀ, ಬಾ!

ಐದನೇ ದಿನ ಮಳೆ ಹೊತ್ತಿಗೆ ಇಬ್ಬರೂ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದೆವು. ಇಂಗ್ಲಿಷ್ ಬರುವ ಕಾಲೇಜು ಹುಡುಗಿಯೊಬ್ಬಳು ಮಧ್ಯೆ ಕೂತು ಎರಡೂ ಕಡೆಗೆ ಹೇಳುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಪುಟ್ಟಿಗೆ ಉಣ್ಣಿಸಲು ಯಾಕೆ ಬಿಡುತ್ತಿಲ್ಲ ಅಂತ ಕೇಳಿಬಿಟ್ಟೆ. ತಲೆ ಹಿಂದಕ್ಕೆ ಒರಗಿಸಿದ್ದರ ಸಿಟ್ಟಿರಬೇಕು ಅಂದುಕೊಂಡು, ಈಗ ಸರಿಯಾಗಿ ಕಲಿತು ಬಂದಿದ್ದೇನೆ ಅಂತಲೂ ಸೇರಿಸಿದೆ.

ಅವರು ಅದಲ್ಲ ಅನ್ನುವ ಹಾಗೆ ಕೈಯಾಡಿಸಿದರು. "ಹೋದ ಸಲ ಹೊರಡುವಾಗ ಅವಳಿಗೆ ಏನು ಹೇಳಿ ಹೋದೆ?"

ಏನೂ ಹೇಳಿರಲಿಲ್ಲ. ಮಧ್ಯಾಹ್ನ ಮಕ್ಕಳು ಮಲಗಿದ್ದಾಗ ಮೆಲ್ಲಗೆ ಚೀಲ ಎತ್ತಿಕೊಂಡು ಹೊರಟಿದ್ದೆ. ಎದ್ದಿದ್ದರೆ ಅಳುತ್ತಿದ್ದಳಲ್ವಾ? ಹಾಗೇ ಹೇಳಿದೆ. "ನಮ್ಮ ಕಡೆ ಹಾಗೇ ಮಾಡ್ತಾರೆ ಅಕ್ಕ. ಅಮ್ಮ ಕೆಲಸಕ್ಕೆ ಹೋಗುವಾಗ ಮಗು ಮಲಗಿರೋ ಹೊತ್ತು ನೋಡಿ ಹೊರಡ್ತಾಳೆ."

"ನಮ್ಮಲ್ಲೂ ಮಾಡ್ತಾರೆ. ಆ ಅಮ್ಮ ಸಂಜೆ ವಾಪಸ್ ಬರ್ತಾಳೆ."

ಹುಡುಗಿ ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. ಮಳೆ ಜೋರಾಯಿತು. ಚಿ ಬಾ ಸ್ವಲ್ಪ ಹೊತ್ತು ಬಟ್ಟೆ ಮಡಿಸಿದರು. ಆಮೇಲೆ ಅವರಾಗಿಯೇ ಹೇಳಿದರು. ನಾನು ಹೋದ ಮೇಲೆ ಊಟದ ಹೊತ್ತಿಗೆ ಪುಟ್ಟಿ ಕುತ್ತಿಗೆ ತಿರುಗಿಸಿ ಬಾಗಿಲ ಕಡೆ ನೋಡುತ್ತಿದ್ದಳಂತೆ. ನಾಲ್ಕು ಚಮಚಕ್ಕೆ ಬಾಯಿ ಮುಚ್ಚುತ್ತಿದ್ದಳಂತೆ. ಹದಿಮೂರು ದಿನ. ಅವರು ಎಣಿಸಿದ್ದರು. ನನಗಿಂತ ಮೊದಲು ಒಬ್ಬಳು ಬೇರೆ ದೇಶದ ಹುಡುಗಿ ಹೋದಾಗಲೂ ಹೀಗೇ ಆಗಿತ್ತಂತೆ, ಅದಕ್ಕೂ ಮೊದಲು ಇನ್ನೊಬ್ಬ ಹೋದಾಗಲೂ.

"ಈ ಸಲ ಯಾವತ್ತು ಹೋಗ್ತೀಯ?"

"ಆಗಸ್ಟ್ 24."

ಅವರು ಎದ್ದು ಒಳಗೆ ಹೋದರು. ವಿಯೆಟ್ನಾಮಿನ ಎಷ್ಟೋ ಮನೆಗಳಲ್ಲಿ ಗೋಡೆಗೆ ಒಂದು ದಪ್ಪ ಕ್ಯಾಲೆಂಡರ್ ಇರುತ್ತದೆ, ದಿನಕ್ಕೊಂದು ಹಾಳೆ ಕೀಳುವಂಥದ್ದು. ನಮ್ಮ ಅಜ್ಜಿ ಮನೆಯಲ್ಲೂ ಇತ್ತು. ಮೇಲೆ ದೊಡ್ಡದಾಗಿ ಇಂಗ್ಲಿಷ್ ತಾರೀಕು, ಕೆಳಗೆ ಸಣ್ಣದಾಗಿ ಚಾಂದ್ರಮಾನದ ತಿಥಿ. ಹುಣ್ಣಿಮೆಗೂ ತಿಂಗಳ ಪಾಡ್ಯಕ್ಕೂ ತುಂಬಾ ಜನ ಮಾಂಸ ಬಿಡುವುದು ಆ ತಿಥಿ ನೋಡಿಯೇ. ಚಿ ಬಾ ಅದನ್ನು ಮೊಳೆಯಿಂದ ಇಳಿಸಿ ತಂದರು. 24ರ ಹಾಳೆ ಹುಡುಕಿ, ಮೂಲೆ ಮಡಚಿ, ಪುಟ್ಟಿಯ ಮಡಿಲಲ್ಲಿಟ್ಟರು. ನನ್ನ ಕಡೆ ಬೆರಳು ಮಾಡಿ ಏನೇನೋ ಹೇಳಿದರು. ಅರ್ಥವಾಯಿತೋ ಇಲ್ಲವೋ, ಪುಟ್ಟಿ ಕ್ಯಾಲೆಂಡರಿಗೆ ಎಡಗೈ ಹಾಕಿದಳು. ಮಾರನೇ ದಿನದಿಂದ ಬೆಳಿಗ್ಗೆ ಹಿಂದಿನ ದಿನದ ಹಾಳೆ ಕೀಳುವುದು ಅವಳ ಕೆಲಸ. ಚಮಚ ನನಗೆ ಸಿಕ್ಕಿತು.

ಹಾಳೆ ಕೀಳಲು ಅವಳಿಗೆ ಐದಾರು ನಿಮಿಷ ಬೇಕು. ಬೆರಳು ಬಿಚ್ಚಬೇಕು, ತುದಿ ಸಿಗಬೇಕು, ಮುಷ್ಟಿ ಬಿಗಿಯಬೇಕು, ಆಮೇಲೆ ಇಡೀ ಮೈ ಜಗ್ಗಬೇಕು. ಪರ್ ಅಂತ ಹರಿದ ಸದ್ದಿಗೆ ಕೇಕೆ ಹಾಕುತ್ತಿದ್ದಳು. ನಡುವೆ ಒಂದು ವಾರ ಏನೂ ವಿಶೇಷವಿಲ್ಲ. ಗಂಜಿ, ಸ್ನಾನ, ಕಾಲಿನ ಸ್ನಾಯು ಎಳೆಯುವ ವ್ಯಾಯಾಮ, ಮಳೆ.

ಒಂದು ಭಾನುವಾರ ಊರೊಳಗಿನ ಯುದ್ಧದ ಮ್ಯೂಸಿಯಂಗೆ ಹೋಗಿ ಬಂದೆ. 1961ರಿಂದ 71ರವರೆಗೆ ಅಮೆರಿಕದವರು ಇಲ್ಲಿನ ಕಾಡು, ಗದ್ದೆಗಳ ಮೇಲೆ 7 ಕೋಟಿ ಲೀಟರಿಗೂ ಹೆಚ್ಚು ಎಲೆ ಉದುರಿಸುವ ವಿಷ ಸುರಿದರು. ಅದರಲ್ಲಿ ಮುಖ್ಯವಾದದ್ದಕ್ಕೆ ಡ್ರಮ್ಮಿನ ಮೇಲಿನ ಕಿತ್ತಳೆ ಪಟ್ಟಿಯಿಂದ ಬಂದ ಹೆಸರು ಏಜೆಂಟ್ ಆರೆಂಜ್. ಅಲ್ಲಿನ ಫೋಟೋಗಳನ್ನು ನೋಡಿ ಬಂದವರಿಗೆ ಆಮೇಲೆ ಕಂಡ ಮಕ್ಕಳೆಲ್ಲ ಅದರ ಫಲವೇ ಅನ್ನಿಸುತ್ತದೆ. ನನಗೂ ಅನ್ನಿಸಿತು. ಪುಟ್ಟಿಗೂ ಅದೇ ಕಾರಣವಾ ಅಂತ ಚಿ ಬಾರನ್ನು ಕೇಳಿದೆ. ಹೆರಿಗೆ ಹೊತ್ತಿನಲ್ಲಿ ಉಸಿರು ಸಿಗದಿದ್ದರೂ ಹೀಗಾಗುತ್ತದಂತೆ, ಡಾಕ್ಟರ್ ಹಾಗಂದಿದ್ದರಂತೆ. "ಗದ್ದ ನೋಡಿಕೋ, ಮೇಲಕ್ಕೆ ಹೋಯ್ತು" ಅಂದರು. ನನ್ನ ಕೈಯಲ್ಲಿ ಚಮಚವಿತ್ತು.

ಆಗಸ್ಟ್ 18ಕ್ಕೆ ವು ಲಾನ್. ಅವರ ಚಾಂದ್ರಮಾನದ ಏಳನೇ ತಿಂಗಳ ಹುಣ್ಣಿಮೆ, ತಂದೆತಾಯಿಯನ್ನು ನೆನೆಯುವ ಹಬ್ಬ. ಬಸ್ಸುಗಳಲ್ಲಿ ಜನ ಬಂದರು. ನೂಡಲ್ಸ್ ಡಬ್ಬಗಳು ಸೂರಿನವರೆಗೆ ಏರಿದವು. ಮಕ್ಕಳ ಮಂಚದ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡವರನ್ನು ಕಂಡು ಮೈ ಉರಿಯಿತು. ನಾನು ಮೊದಲ ಸಲ ಬಂದಾಗ ಇದಕ್ಕಿಂತ ಎಷ್ಟು ಬೇರೆ ಇದ್ದೆ ಅಂತಲೂ ಅನ್ನಿಸಿತು. ಅವತ್ತು ಬಂದವರ ಅಂಗಿಗೆ ಗುಲಾಬಿ ಚುಚ್ಚುತ್ತಾರೆ. ಅಮ್ಮ ಇದ್ದರೆ ಕೆಂಪು, ಇಲ್ಲದಿದ್ದರೆ ಬಿಳಿ. ನನಗೆ ಬಿಳಿ. ನಮ್ಮ ಮಕ್ಕಳಿಗೆ ಯಾವುದು? ಚಿಕ್ಕ ಸನ್ಯಾಸಿನಿ ಬುಟ್ಟಿ ಹಿಡಿದು ಬಂದವರು ಒಬ್ಬರನ್ನೂ ಬಿಡದೆ ಎಲ್ಲರಿಗೂ ಕೆಂಪು ಚುಚ್ಚಿದರು. ಅನಾಥಾಶ್ರಮ ಅಂತ ನಾವು ಸುಮ್ನೆ ಅನ್ನುತ್ತೇವೆ. ಎಷ್ಟೋ ಮಕ್ಕಳ ಅಮ್ಮಂದಿರು ಬದುಕಿದ್ದಾರೆ. ಇಂಥ ಮಗುವನ್ನು ನೋಡಿಕೊಳ್ಳುತ್ತಾ ಕೂಲಿಗೆ ಹೋಗಲು ಆಗದವರು. ಒಬ್ಬಾಕೆ ಬೆನ್ ತ್ರೆಯಿಂದ ತಿಂಗಳಿಗೊಮ್ಮೆ ಬರುತ್ತಾಳೆ, ಅಲ್ಲಿನ ತೆಂಗಿನ ಮಿಠಾಯಿ ಎಲ್ಲರಿಗೂ ತರುತ್ತಾಳೆ. ಪುಟ್ಟಿಯ ಅಮ್ಮನ ಸುದ್ದಿ ಯಾರಿಗೂ ಗೊತ್ತಿಲ್ಲ. ಪುಟ್ಟಿ ಗುಲಾಬಿಯನ್ನು ಬಾಯಿಗೆ ಹಾಕಿಕೊಳ್ಳಲು ನೋಡಿದಳು. ಪಿನ್ ಇತ್ತಲ್ಲ, ತೆಗೆದುಬಿಟ್ಟೆ.

ಕೊನೆಯ ವಾರ ದಿನಾ ರಾತ್ರಿ ಕಾಲೇಜು ಹುಡುಗಿ ಹೇಳಿಕೊಟ್ಟ ಒಂದೇ ವಾಕ್ಯ ಅಭ್ಯಾಸ ಮಾಡಿದೆ. 'ಅತ್ತೆ ಊರಿಗೆ ಹೋಗುತ್ತಾಳೆ, ಇಷ್ಟು ದಿನ ಉಳಿದಿದೆ.' ಆ ಭಾಷೆಯಲ್ಲಿ ರಾಗ ತಪ್ಪಿದರೆ ಅರ್ಥವೇ ಬೇರೆ. 'ಮಾ' ಅನ್ನುವುದು ಒಂದು ರಾಗದಲ್ಲಿ ಅಮ್ಮ, ಇನ್ನೊಂದರಲ್ಲಿ ದೆವ್ವ. ನಾನು ಹೇಳಿದಾಗಲೆಲ್ಲ ಪುಟ್ಟಿ ನಗುತ್ತಿದ್ದಳು. ಏನು ಹೇಳಿದೆನೋ ದೇವರೇ ಬಲ್ಲ.

24ರ ಬೆಳಿಗ್ಗೆ ಅವಳು 23 ಕಿತ್ತಳು. ಮೂಲೆ ಮಡಚಿದ ಹಾಳೆ ಬಂತು. ಚಿ ಬಾ ಅದನ್ನು ತೋರಿಸಿ, ನನ್ನನ್ನು ತೋರಿಸಿ, ಬಾಗಿಲು ತೋರಿಸಿದರು. ಪುಟ್ಟಿ ಮೂರನ್ನೂ ನೋಡಿದಳು. ನಾನು ಗಂಜಿ ಕಲಸಲು ತಿರುಗಿದ್ದೆ, ಪರ್ ಅಂತ ಸದ್ದು. 24 ಹೋಗಿತ್ತು. ಬಟ್ಟಲು ಇಳಿಸಿ ಬರುವಷ್ಟರಲ್ಲಿ 25 ಕೂಡ ಮುಷ್ಟಿಯಲ್ಲಿತ್ತು. ಚಿ ಬಾ ಬೈದರು. ಮುಷ್ಟಿ ಬಿಡಿಸಿ ಹಾಳೆ ನೀವಿದರು. ನನ್ನ ಬಟ್ಟಲಿಗೆ ಬೆರಳು ಅದ್ದಿ, ಹಾಳೆಗಳ ಅಂಚಿಗೆ ಗಂಜಿ ಹಚ್ಚಿ, ಕ್ಯಾಲೆಂಡರಿಗೆ ಅಂಟಿಸಿದರು. ನಮ್ಮಜ್ಜಿ ಲಕೋಟೆಗೆ ಅನ್ನ ಹಚ್ಚುತ್ತಿದ್ದ ಹಾಗೇ. 24 ವಾರೆಯಾಗಿ ಕೂತಿತು.

ಹೊರಗೆ ಟ್ಯಾಕ್ಸಿ ಹಾರ್ನ್ ಮಾಡಿತು. ಅರ್ಧ ಬಟ್ಟಲು ಇನ್ನೂ ಹಾಗೇ ಇತ್ತು. ಚಿ ಬಾ ಬಾಗಿಲಿಗೆ ಹೋಗಿ ಡ್ರೈವರ್‌ಗೆ ಏನೋ ಕೂಗಿದರು. ಹಾರ್ನ್ ನಿಂತಿತು. ನಾನು ಇನ್ನೊಂದು ಚಮಚ ತುಂಬಿ, ಅವಳ ಗದ್ದ ಇಳಿಯಲಿ ಅಂತ ಕಾದೆ.