ಸ್ಪೇನಿನ ಹಳ್ಳಿಯಲ್ಲಿ ಮನೆ ಹಿಡಿಯುವವರು ಮೊದಲು ನೀರಿನ ಸರದಿ ಕೇಳಿಕೊಳ್ಳಿ

ಬೆಳಗ್ಗೆ ಆರೂವರೆಗೆ ಯಾರೋ ಬಾಗಿಲು ಬಡಿದರು. ತೆಗೆದರೆ ಕೆಳಗಿನ ತೋಟದ ಅಜ್ಜ. ಮೊಣಕಾಲಿನವರೆಗೆ ರಬ್ಬರ್ ಬೂಟು, ಹೆಗಲ ಮೇಲೆ ಗುದ್ದಲಿ. ಏನೂ ಮಾತಾಡಲಿಲ್ಲ. ಕೈಗಡಿಯಾರ ತೋರಿಸಿದರು, ಆಮೇಲೆ ನಮ್ಮ ಹಿತ್ತಿಲ ಕಡೆ ಕೈ ಮಾಡಿದರು. ಹಿಂದಿನ ಸಂಜೆ ಕಾಲುವೆಯ ತಗಡು ಎತ್ತಿ ಟೊಮೆಟೊ ಗಿಡಕ್ಕೆ ನೀರು ಬಿಟ್ಟವನು ಇಳಿಸಲು ಮರೆತು ಮಲಗಿಬಿಟ್ಟಿದ್ದೆ. ರಾತ್ರಿಯಿಡೀ ಅವರ ಪಾಲಿನ ನೀರು ನನ್ನ ಆರು ಗಿಡಗಳ ಬುಡದಲ್ಲಿ ಕೆಸರಾಗಿತ್ತು.

ಊರು ಇರುವುದು ದಕ್ಷಿಣ ಸ್ಪೇನಿನ ಗ್ರನಾಡಾ ಪ್ರಾಂತ್ಯದಲ್ಲಿ, ಸಿಯೆರಾ ನೆವಾಡಾ ಬೆಟ್ಟದ ದಕ್ಷಿಣ ಇಳಿಜಾರಿನಲ್ಲಿ. ಈ ಸೀಮೆಗೆ ಅಲ್ಪುಹಾರ್ರಾ ಅನ್ನುತ್ತಾರೆ. ಪಂಪನೇಯ್ರಾ, ಬುಬಿಯೋನ್, ಕಪಿಲೇಯ್ರಾ ಅಂತ ಮೂರು ಬಿಳಿ ಹಳ್ಳಿಗಳ ಫೋಟೊ ನೀವೂ ನೋಡಿರಬಹುದು. ನಾವು ಹತ್ತು ತಿಂಗಳು ಇದ್ದದ್ದು ಅದೇ ಸೀಮೆಯ ಇನ್ನೊಂದು ಪುಟ್ಟ ಊರಲ್ಲಿ. ವೀಸಾದ ಕಥೆ ಇಲ್ಲಿ ಹೇಳುವುದಿಲ್ಲ, ಅದಕ್ಕೆ ಬೇಕಾದಷ್ಟು ಜನ ಇದ್ದಾರೆ. ಅಲ್ಲಿ ಇಳಿದ ಮೇಲಿನದನ್ನು ಯಾರೂ ನಮಗೆ ಹೇಳಿರಲಿಲ್ಲ.

ಮೊದಲ ಕೆಲಸ ಅಯುಂತಮಿಯೆಂತೊಗೆ ಹೋಗುವುದು. ನಮ್ಮ ಪಂಚಾಯ್ತಿ ಕಚೇರಿ ಇದ್ದ ಹಾಗೆ. ಅಲ್ಲಿ ಪಾದ್ರೋನ್ ಅಂತ ಒಂದು ದಾಖಲೆ ಇರುತ್ತದೆ. ಊರಲ್ಲಿ ವಾಸ ಮಾಡುವ ಎಲ್ಲರೂ, ಯಾವ ದೇಶದವರಾದರೂ, ಅದರಲ್ಲಿ ಹೆಸರು ಬರೆಸಬೇಕು. ಪಾಸ್‌ಪೋರ್ಟ್ ಮತ್ತು ಬಾಡಿಗೆ ಕರಾರು ಒಯ್ಯಿರಿ. ಕೆಲವು ಮಾಲೀಕರು ಹೆಸರು ಬರೆಸುವುದು ಬೇಡ ಅನ್ನುತ್ತಾರೆ. ಹಾಗಾಗಿ ಮುಂಗಡ ಕೊಡುವ ಮೊದಲೇ ಕೇಳಿಬಿಡಿ. ಆರೋಗ್ಯ ಕೇಂದ್ರ, ಮಕ್ಕಳ ಶಾಲೆ, ಎಲ್ಲಿಗೆ ಹೋದರೂ ಹೆಸರು ಬರೆಸಿದ್ದಕ್ಕೆ ಕಚೇರಿ ಕೊಡುವ ಚೀಟಿ ಕೇಳುತ್ತಾರೆ. ಸಾಮಾನ್ಯವಾಗಿ ಮೂರು ತಿಂಗಳೊಳಗಿನ ಪ್ರತಿಯೇ ಆಗಬೇಕು, ಅದಕ್ಕೆ ಒಮ್ಮೆಗೇ ಹತ್ತು ಪ್ರತಿ ತೆಗೆಸಿಟ್ಟುಕೊಂಡು ಪ್ರಯೋಜನ ಇಲ್ಲ. ನಮ್ಮಂಥ ಯುರೋಪಿನ ಒಕ್ಕೂಟದ ಹೊರಗಿನವರು, ಕಾಯಂ ವಾಸದ ಪರವಾನಗಿ ಸಿಗುವವರೆಗೆ, ಎರಡು ವರ್ಷಕ್ಕೊಮ್ಮೆ ಪಾದ್ರೋನ್ ನೋಂದಣಿಯನ್ನು ನವೀಕರಿಸಬೇಕು. ಮರೆತರೆ ಹೆಸರು ಹೋಗುತ್ತದೆ. ನಿಮ್ಮ ವೀಸಾಕ್ಕೆ ಗುರುತಿನ ಕಾರ್ಡ್ ಬೇಕಿದ್ದರೆ ಅದು ಬೇರೆ ಕೆಲಸ. ಅದನ್ನು ಕೊಡುವುದು ಪೊಲೀಸರು. ಬಂದ ಒಂದು ತಿಂಗಳೊಳಗೆ ಅರ್ಜಿ ಹಾಕಬೇಕು.

ಕಚೇರಿ ನಡೆಯುವುದು ಬೆಳಗ್ಗೆ ಮಾತ್ರ. ಮಧ್ಯಾಹ್ನ ಎರಡರ ನಂತರ ಹೋದರೆ ಬೀಗಕ್ಕೆ ಕೈಮುಗಿದು ವಾಪಸ್ ಬರಬೇಕಷ್ಟೆ. ಊರ ಹಬ್ಬ ಇದ್ದರೆ ಬೆಳಗ್ಗೆಯೂ ಇಲ್ಲ.

ಹೆಸರು ಬರೆಸಿದವರನ್ನು ಕಾನೂನಿನಲ್ಲಿ ‘ವೆಸಿನೊ’ ಅಂತ ಕರೆಯುತ್ತಾರೆ. ಪಕ್ಕದ ಮನೆಯವರಿಗೂ ಅದೇ ಪದ. ನನಗಿದು ಬಹಳ ಹಿಡಿಸಿತು. ಆದರೆ ವೋಟು ಇಲ್ಲ. ಪಂಚಾಯ್ತಿ ಚುನಾವಣೆಯಲ್ಲಿ ಬ್ರಿಟಿಷರು, ಕೊರಿಯಾದವರು ಒಪ್ಪಂದದ ಮೇಲೆ ಮತ ಹಾಕಬಹುದು. ಭಾರತದ ಜೊತೆ ಅಂಥ ಒಪ್ಪಂದ ಇಲ್ಲ. ಕೆಲಸಕ್ಕೆ ಮಾತ್ರ ಕರೆಯುತ್ತಾರೆ!

ಅಂದರೆ ನೀರಿನ ಕೆಲಸಕ್ಕೆ. ಇಲ್ಲಿನ ಕಾಲುವೆಗಳಿಗೆ ಅಸೆಕಿಯಾ ಅನ್ನುತ್ತಾರೆ. ಅರಬ್ಬರ ಆಳ್ವಿಕೆಯ ಕಾಲದ್ದು, ಪದವೂ ಅರಬ್ಬಿಯಿಂದಲೇ ಬಂದದ್ದು. ಬೆಟ್ಟದ ಹಿಮ ಕರಗಿದ ನೀರನ್ನು ಮೆಟ್ಟಿಲು ಮೆಟ್ಟಿಲಾದ ತೋಟಗಳಿಗೆ ಇಳಿಸುತ್ತವೆ. ನೀರು ಹಂಚುವುದು ರೈತರ ಸಂಘ. ಯಾರಿಗೆ ಯಾವ ದಿನ, ಎಷ್ಟು ಗಂಟೆ ಅನ್ನುವುದು ಲೆಕ್ಕ ಹಾಕಿದಂತೆ ಇರುತ್ತದೆ. ನೋಡಿಕೊಳ್ಳುವವರು ಅಸೆಕಿಯೇರೊ. ನಮ್ಮ ಕೆರೆಯ ನೀರುಗಂಟಿಯೇ ಅಂದುಕೊಳ್ಳಿ. ತೂಬಿಗೆ ಅವನನ್ನು ಕೇಳದೆ ಕೈ ಹಾಕಿದರೆ ನಮ್ಮೂರಲ್ಲಿ ಏನಾಗುತ್ತಿತ್ತು? ಇಲ್ಲೂ ಅದೇ. ನೀರಿನ ಹಕ್ಕು ಜಮೀನಿಗೆ ಅಂಟಿಕೊಂಡಿರುತ್ತದೆ, ಬಾಡಿಗೆದಾರರಿಗಲ್ಲ. ಮನೆಗೆ ಹಿತ್ತಿಲು ಇದ್ದರೆ ಮಾಲೀಕರಿಂದ ಸರದಿಯ ದಿನ, ಗಂಟೆ ಎರಡನ್ನೂ ಬರೆಸಿಕೊಳ್ಳಿ. ನಾನು ‘ಹಿತ್ತಿಲಲ್ಲಿ ನೀರಿದೆ’ ಅಂತ ಜಾಹೀರಾತಿನಲ್ಲಿ ಓದಿ, ಸುಮ್ನೆ ಖುಷಿಪಟ್ಟಿದ್ದೆ.

ಉಳಿದ ನಿಯಮಗಳು ಸಣ್ಣವು. ಕಸದಲ್ಲಿ ಹಳದಿ ತೊಟ್ಟಿಗೆ ಪ್ಲಾಸ್ಟಿಕ್ ಮತ್ತು ಡಬ್ಬಿ, ನೀಲಿಗೆ ಕಾಗದ, ಹಸಿರಿಗೆ ಗಾಜು. ಬಾಟಲಿಯ ಮುಚ್ಚಳ ಹಸಿರಿಗೆ ಹಾಕಬಾರದು. ಎಷ್ಟೋ ಊರಲ್ಲಿ ಮನೆಗಸ ಹಾಕುವುದಕ್ಕೂ ಹೊತ್ತಿದೆ, ಸಾಮಾನ್ಯವಾಗಿ ರಾತ್ರಿ. ಮನೆಯ ಕಿಟಕಿ, ಚಾವಣಿ, ಹೊರಗೋಡೆಯ ಬಣ್ಣ ಬದಲಿಸಬೇಕೆಂದರೆ ಮೊದಲು ಅನುಮತಿ ಪಡೆಯಿರಿ. ಆ ಮೂರು ಬಿಳಿ ಹಳ್ಳಿಗಳಂತೂ ಸಂರಕ್ಷಿತ, ನಿಮ್ಮ ಇಷ್ಟದ ಹಳದಿಗೆ ಅಲ್ಲಿ ಜಾಗ ಇಲ್ಲ.

ಬೆಂಕಿಯ ವಿಷಯ ಮಾತ್ರ ತಮಾಷೆ ಅಲ್ಲ. ಆಂಡಲೂಸಿಯಾದಲ್ಲಿ ಜೂನ್ 1ರಿಂದ ಅಕ್ಟೋಬರ್ 15ರವರೆಗೆ ಕಾಡಿನಲ್ಲಿ ಮತ್ತು ಅದರ ಸುತ್ತ 400 ಮೀಟರಿನೊಳಗೆ ಅಡುಗೆಗೆಂದು ಬೆಂಕಿ ಹಾಕುವಂತಿಲ್ಲ. ತರಗೆಲೆ ಸುಡುವುದೂ ಬೇಡ. ಬೆಟ್ಟದ ಹಳ್ಳಿಯಲ್ಲಿ ಆ 400 ಮೀಟರು ಅಂದರೆ ಬಹುಪಾಲು ನಿಮ್ಮ ಹಿತ್ತಿಲೇ. ಹೊಗೆ ಕಂಡರೆ 112ಕ್ಕೆ ಫೋನ್ ಮಾಡಿ.

ಮೇಯರ್ ಹೊರಡಿಸುವ ಪ್ರಕಟಣೆಗೆ ಬಾಂದೊ ಅನ್ನುತ್ತಾರೆ. ನೀರು ಕಡಿತ, ಕಸದ ಹೊತ್ತು, ಎಲ್ಲ ಅದರಲ್ಲೇ. ಹಿಂದೆ ನಮ್ಮಲ್ಲಿ ಡಂಗುರ ಹೊಡೆಯುತ್ತಿದ್ದಂತೆ ಅಲ್ಲಿಯೂ ತುತ್ತೂರಿ ಊದಿ ಸಾರುತ್ತಿದ್ದರಂತೆ. ನಾವಿದ್ದ ಹಳ್ಳಿಯಲ್ಲಿ ಈಗ ವಾಟ್ಸಾಪಿನಲ್ಲಿ ಬರುತ್ತದೆ, ನಂಬರ್ ಕೊಟ್ಟು ಬನ್ನಿ.

ಅಜ್ಜನ ಮನೆಗೆ ಅವತ್ತೇ ಸಂಜೆ ಕೋಸಂಬರಿ ಮಾಡಿಕೊಂಡು ಹೋದೆ. ತಿಂದರೋ ಇಲ್ಲವೋ ಗೊತ್ತಿಲ್ಲ. ಆದರೆ ವಸಂತದಲ್ಲಿ ಕಾಲುವೆ ಹೂಳು ತೆಗೆಯುವ ದಿನ ಬಂದಾಗ ಬಾಗಿಲು ಬಡಿದವರು ಅವರೇ. ಈ ಸಲ ಎರಡು ಗುದ್ದಲಿ ತಂದಿದ್ದರು. ಪ್ರತಿ ಪಾಲುದಾರರ ಮನೆಯಿಂದ ಒಬ್ಬರು ಬರಬೇಕು, ಆಗದಿದ್ದರೆ ಕೂಲಿಯ ದುಡ್ಡು ಕೊಡಬೇಕು. ನಮ್ಮ ಮಾಲೀಕರು ಊರಲ್ಲಿರಲಿಲ್ಲ, ನಾನೇ ಹೋದೆ. ಮಧ್ಯಾಹ್ನದ ಹೊತ್ತಿಗೆ ಅಂಗೈಯಲ್ಲಿ ಮೂರು ಬೊಬ್ಬೆ. ಕಲ್ಲಿನ ಮೇಲೆ ಕೂತು ಬ್ರೆಡ್, ಆಲಿವ್ ತಿಂದೆವು. ಆಗ ಅಜ್ಜ ಸಿಗರೇಟ್ ಪ್ಯಾಕಿನ ರಟ್ಟು ಹರಿದು ಅದರ ಮೇಲೆ ಬರೆದುಕೊಟ್ಟರು: ಬುಧವಾರ, 3ರಿಂದ 4:30.

ಆ ರಟ್ಟು ಫ್ರಿಜ್ ಮೇಲೆ ಅಂಟಿಸಿದ್ದೆ. ಮನೆ ಬಿಡುವಾಗ ಕೀಳಲಿಲ್ಲ, ಮುಂದೆ ಬರುವವರಿಗೆ ಅಂತ ಅಲ್ಲೇ ಬಿಟ್ಟು ಬಂದೆ.