ಎರಡು ಇಗಳ ನಡುವೆ ಒಂದು ಟಿ

12 ಮಾರ್ಚ್ 2024, ಮಂಗಳವಾರ

(ಗೆಳತಿಗೆ ಹೊಸ ಕೆಲಸ ಸಿಕ್ಕಿದ ಮೇಲೆ, ಅವಳನ್ನು ಕೇಳಿಯೇ ಈ ಪುಟ ಹಾಕಿದ್ದೇನೆ.)

ಬೆಳಿಗ್ಗೆ ಗೆಳತಿಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದುಕೊಟ್ಟೆ. ಅವಳು ಬೇರೆ ಕೆಲಸ ಹುಡುಕುತ್ತಿದ್ದಾಳೆ. ವಿಷಯ ಸದ್ಯಕ್ಕೆ ಯಾರ ಕಿವಿಗೂ ಬೀಳಬಾರದು. ಅದಕ್ಕೇ ‘ಡಿಸ್ಕ್ರೀಟ್ ಆಗಿ ವಿಚಾರಿಸಿ’ ಅಂತ ಬರೆದಿದ್ದೆ. ಮಧ್ಯಾಹ್ನ ಪತ್ರ ವಾಪಸ್ ಬಂತು. ಆ ಪದದ ಕೊನೆಯ ಮೂರು ಅಕ್ಷರಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದಳು. ನಾನು ಬರೆದದ್ದು ಇ, ಟಿ, ಇ (discrete). ಬೇಕಾಗಿದ್ದದ್ದು ಇ, ಇ, ಟಿ (discreet).

ಎರಡೂ ನಿಜವಾದ ಪದಗಳೇ, ಹಾಗಾಗಿ ಕಂಪ್ಯೂಟರ್ ಕೆಂಪು ಗೆರೆ ಎಳೆಯಲಿಲ್ಲ. ಉಚ್ಚಾರ ಕೂಡ ಒಂದೇ. ಅರ್ಥ ಮಾತ್ರ ಬೇರೆ. ಟಿ ಕೊನೆಯಲ್ಲಿದ್ದರೆ ಗುಟ್ಟು ಬಿಟ್ಟುಕೊಡದ, ಎಲ್ಲಿ ಎಷ್ಟು ಮಾತಾಡಬೇಕೆಂದು ಬಲ್ಲ ಅಂತ. ಟಿ ನಡುವೆ ಬಂದರೆ ಬಿಡಿಬಿಡಿಯಾದ ಅಂತ. ಕೋಣೆಯಲ್ಲಿ ಎಷ್ಟು ಜನ ಇದ್ದಾರೆ ಅನ್ನೋದು ಈ ಥರದ ಲೆಕ್ಕ. ಮೂವರು ಇರಬಹುದು, ನಾಲ್ವರು ಇರಬಹುದು, ಮೂರೂವರೆ ಜನ ಇರೋಕೆ ಆಗಲ್ಲ. ಅವರ ಎತ್ತರ ಹಾಗಲ್ಲ, ಯಾವ ಎರಡು ಅಳತೆಗಳ ನಡುವೆಯೂ ಇನ್ನೊಂದು ಅಳತೆ ಇರುತ್ತೆ. ಗಣಿತದವರಿಗೆ ಈ ಪದ ದಿನಾ ಬೇಕು. ನನ್ನ ಪತ್ರಕ್ಕೆ ಬೇಡವಾಗಿತ್ತು.

ಸಂಜೆ ನಿಘಂಟು ತೆಗೆದು ಕೂತೆ. ಎರಡೂ ಒಂದೇ ತಾಯಿಯ ಮಕ್ಕಳು! ಲ್ಯಾಟಿನ್ನಿನ ‘ಡಿಸ್ಕ್ರೇಟುಸ್’, ಅಂದರೆ ಬೇರ್ಪಡಿಸಿದ್ದು. ಅದರ ಹಿಂದಿರುವ ‘ಕೆರ್ನೆರೆ’ಗೆ ಜರಡಿ ಹಿಡಿಯುವುದು ಅಂತಲೂ ಅರ್ಥವಿದೆ. ಒಂದು ಮಗು ವಸ್ತುಗಳನ್ನು ಬೇರೆ ಮಾಡುತ್ತೆ. ಇನ್ನೊಂದು, ಹೇಳುವಂಥದ್ದನ್ನೂ ಹೇಳಬಾರದ್ದನ್ನೂ ಬೇರೆ ಮಾಡುತ್ತೆ.

ಆಗ ಥಟ್ಟನೆ ಹೊಳೆಯಿತು. ನಮ್ಮ ‘ವಿವೇಕ’ವೂ ಹೀಗೇ ಹುಟ್ಟಿದ್ದು ಅಲ್ವಾ? ಅದರ ಮೂಲ ‘ವಿಚ್’, ಬೇರ್ಪಡಿಸು ಅನ್ನುವ ಸಂಸ್ಕೃತ ಧಾತು. ‘ಡಿಸ್ಕ್ರೆಷನ್’ ಅನ್ನೋದಕ್ಕೆ ಕನ್ನಡದಲ್ಲಿ ‘ವಿವೇಚನೆ’ ಅಂತ ಎಷ್ಟೋ ಸಲ ನಾನೇ ಬರೆದಿದ್ದೇನೆ. ಅಷ್ಟು ದೂರದ ಎರಡು ಭಾಷೆಗಳಲ್ಲಿ ಬೇರ್ಪಡಿಸುವ ಕೆಲಸವೇ ಬುದ್ಧಿಯ ಹೆಸರಾಗಿದೆ. ಇದನ್ನು ನೋಡಿ ಆದ ಖುಷಿಗೆ ಮಧ್ಯಾಹ್ನದ ಬೇಜಾರೆಲ್ಲ ಹೋಯಿತು.

ಇನ್ನು ಮರೆಯಲ್ಲ. ಬಿಡಿಬಿಡಿ ಅನ್ನುವ ಪದದಲ್ಲಿ ಟಿ ಗೋಡೆಯ ಹಾಗೆ ನಿಂತು ಎರಡು ಇಗಳನ್ನು ಬೇರೆ ಮಾಡಿದೆ.

ರಾತ್ರಿ ಪತ್ರ ತಿದ್ದಿ ಕಳಿಸಿದೆ. ಪೆನ್ಸಿಲ್ ಸುತ್ತಿದ್ದ ಹಾಳೆಯನ್ನು ನಿಘಂಟಿನೊಳಗೆ ಇಟ್ಟುಕೊಳ್ಳೋಣ ಅನ್ನಿಸಿತ್ತು. ಆದರೆ ಅದರಲ್ಲಿ ಅವಳ ಹೆಸರಿತ್ತು. ಸಣ್ಣಗೆ ಹರಿದು ಹಾಕಿದೆ.